ಮೊಳೆ ಬೇಡವೆಂದ ಅಜ್ಜಯ್ಯ

ಕಳೆದ ಮಳೆಗಾಲವಿಡೀ ಬೈಂದೂರಿನ ಅಕ್ಕನ ಮನೆಯ ಖಾಲಿ ಕೊಟ್ಟಿಗೆಯಲ್ಲಿ ಅವಳ ಮಗ ಒಂದು ಕಯಾಕ್ ಕಟ್ಟಿದ. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗಳು ಹುಟ್ಟು ಹಾಕುವುದನ್ನು ನೋಡಿ ಹತ್ತಿದ ಹುಚ್ಚು ಅದು. 4 ಮಿ.ಮೀ. ಪ್ಲೈವುಡ್ ಹಲಗೆಗಳ ಅಂಚಿಗೆ ಸಣ್ಣ ತೂತು ಹಾಕಿ, ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ತಂತಿ ಕಿತ್ತು ತೂತು ಮುಚ್ಚಿದ್ದ. ಇನ್ನು ಉಳಿದದ್ದು ಪಾದ ಒತ್ತಿಹಿಡಿಯುವ ಪಟ್ಟಿ, ಎತ್ತುವ ಹಿಡಿಕೆ, ಹಗ್ಗ ಕಟ್ಟುವ ಕುಣಿಕೆ. ಅವನು ಡ್ರಿಲ್ ಕೈಗೆತ್ತಿಕೊಂಡಾಗ, ಹರೆಯದಲ್ಲಿ ರಂಪಣಿ ಎಳೆದಿದ್ದ ಅವನ ಅಜ್ಜಯ್ಯ ಬಾಗಿಲಲ್ಲಿ ನಿಂತು ಕೇಳಿದರು: "ಮಾಣಿ, ಕಟ್ಟಿರೆ ಬಿಚ್ಲಕ್ಕ್. ತೂತ್ ಮಾಡಿರೆ ಮುಚ್ಚುಕ್ ಆತ್ತಾ?"

ರಂಪಣಿ ದೋಣಿಯಲ್ಲಿ ದುಡಿದವರು ಹಾಗೆ ಕೇಳುವುದು ಸಹಜ. ಅದರ ಹಲಗೆಗಳನ್ನು ಕತ್ತದ ಹಗ್ಗದಲ್ಲಿ ಹೊಲಿಯುತ್ತಿದ್ದರು. ಅಲೆ ಒಡೆಯುವ ದಡಕ್ಕೆ ಬಡಿದಾಗ ದೋಣಿಯ ಮೈ ಒಂದಿಷ್ಟು ಬಳುಕುತ್ತಿತ್ತು. 1970ರ ದಶಕದ ನಡುವೆ ಪರ್ಸೀನ್ ಬಲೆಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು, ದೋಣಿಯ ಹೊಲಿಗೆಯೂ.

1342ರ ಸುಮಾರಿಗೆ ಈ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ 'ಫಾಕನೂರ್' ಎಂದು ಕರೆದ ಊರನ್ನು ಇವತ್ತಿನ ಬ್ರಹ್ಮಾವರ ತಾಲೂಕಿನ ಬಾರಕೂರು ಎಂದು ಗುರುತಿಸುತ್ತಾರೆ. ಅಲ್ಲಿ ಕಬ್ಬು ಹೇರಳ, ಅರಸನಿಗೆ ಸುಮಾರು 30 ಯುದ್ಧನೌಕೆ, ಹಾದುಹೋಗುವ ಹಡಗು ನಿಂತು ಬಂದರಿನ ಕಾಣಿಕೆ ಕೊಡಲೇಬೇಕು ಎಂದು ಬರೆದಿದ್ದಾನೆ. ಮುಂದೆ ಮಾಲ್ದೀವ್ಸಿನ ಪ್ರಸಂಗದಲ್ಲಿ, ಭಾರತ ಮತ್ತು ಯೆಮೆನ್‌ನ ಹಡಗುಗಳನ್ನು ತೆಂಗಿನ ನಾರಿನಿಂದ ಹೊಲಿಯುವ ಕಾರಣವನ್ನೂ ಹೇಳುತ್ತಾನೆ: ಬಂಡೆಗೆ ತಾಗಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ತಾಳಿಕೊಳ್ಳುತ್ತದೆ. ಅಜ್ಜಯ್ಯ ಬತೂತನನ್ನು ಓದಿದವರಲ್ಲ ಬಿಡಿ.

ನಮ್ಮವರಿಗೆ ಕಬ್ಬಿಣದ ಕೆಲಸ ಬರುತ್ತಿರಲಿಲ್ಲ, ಅದಕ್ಕೇ ಹೊಲಿದರು ಎಂದುಕೊಳ್ಳುವುದು ಸುಲಭ. ಕೊಡಚಾದ್ರಿಯ ಮಳೆಯಲ್ಲಿ ನಿಂತಿರುವ ಮೂಲಮೂಕಾಂಬಿಕೆಯ ಕಬ್ಬಿಣದ ಕಂಬ ನೋಡಿದವರು ಆ ಮಾತು ಆಡಲಾರರು. ಇನ್ನು ಹೊಲಿದ ದೋಣಿಗೆ ತೂತಿಲ್ಲವೇ ಎಂದರೆ, ಸಾವಿರಾರು ಇವೆ! ಆದರೆ ಒಂದೊಂದಕ್ಕೂ ನಾರು, ರಾಳ ತುಂಬಿ ಬಿಗಿಯುತ್ತಾರೆ. ಹಗ್ಗ ಸವೆದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಉಪ್ಪುನೀರು ತಾಗಿದ ಮೊಳೆ ತಾನೂ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ತೆಳು ಪ್ಲೈವುಡ್ಡಿನಲ್ಲಂತೂ ಸ್ಕ್ರೂಗೆ ಹಿಡಿತವೇ ಸಿಗದು; ಅದರ ಎಳೆಗುಂಟ ನೀರು ಒಳಪದರಕ್ಕೆ ಇಳಿಯುತ್ತದೆ.

1980ರಲ್ಲಿ ಟಿಮ್ ಸೆವೆರಿನ್ ಒಮಾನ್‌ನಲ್ಲಿ 'ಸೊಹಾರ್' ಹಡಗು ಕಟ್ಟಿಸಿದಾಗ ಮರ ಹೋದದ್ದು ಮಲಬಾರಿನಿಂದ. ಅಲ್ಲಿ ಐನಿ ಎನ್ನುವ ಆ ಮರ ನಮ್ಮ ಹೆಬ್ಬಲಸು. ಸುಮಾರು 400 ಮೈಲಿ ಕತ್ತದ ಹಗ್ಗ ಹಿಡಿಯಿತಂತೆ. ಹೊಲಿಯಲು ಲಕ್ಷದ್ವೀಪದವರು ಬೇಕಾದರು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಕೂಡ ಹೊಲಿದ ಹಡಗೇ. ಅಜಂತಾದ ಒಂದು ಚಿತ್ರ ಅದಕ್ಕೆ ಮಾದರಿ. ಹೊಲಿದವರು ಕೇರಳದ ಕುಶಲಕರ್ಮಿಗಳು. ಅಜ್ಜಯ್ಯನಿಗೆ ಫೋನಿನಲ್ಲಿ ಅದರ ಚಿತ್ರ ತೋರಿಸಿದೆ. ಹೊಲಿಗೆಯನ್ನು ದೊಡ್ಡದು ಮಾಡಿ ನೋಡಿದರು, ಏನೂ ಹೇಳಲಿಲ್ಲ.

ಡ್ರಿಲ್ ಪೆಟ್ಟಿಗೆ ಸೇರಿತು. ಹೆಬ್ಬಲಸಿನ ಸಣ್ಣ ತುಂಡುಗಳನ್ನು ಕಯಾಕಿನ ಒಳಮೈಗೆ ಎಪಾಕ್ಸಿಯಲ್ಲಿ ಕೂರಿಸಿ, ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿದೆವು. ಸ್ಕ್ರೂ ಬೇಕಾದಲ್ಲಿ ಆ ತುಂಡಿಗಷ್ಟೇ, ಹೊರಮೈ ಮುಟ್ಟದ ಹಾಗೆ. ಹಗ್ಗ ಕಟ್ಟಲು ನೈಲಾನ್ ಪಟ್ಟಿಯ ಕುಣಿಕೆಗಳನ್ನು ಅಂಚಿನ ಒಳಗೆ ಅಂಟಿಸಿದೆವು.

ಮರವಂತೆಯಲ್ಲಿ ಸೌಪರ್ಣಿಕೆಗೆ ಇಳಿಸಿದ ಮೊದಲ ದಿನವೇ ಎಡಗಾಲಿನ ಪಟ್ಟಿ ತುಂಡಿನ ಸಮೇತ ಕಳಚಿ ಬಂತು. ತಪ್ಪು ನನ್ನದು: ಅಲ್ಲಿನ ವಾರ್ನಿಶ್ ಉಜ್ಜದೆ ಅದರ ಮೇಲೆಯೇ ಅಂಟಿಸಿದ್ದೆ. ಅಳಿಯ ಮತ್ತೆ ಡ್ರಿಲ್ಲಿನ ಕಡೆ ನೋಡಿದ. ಅಜ್ಜಯ್ಯ ಮರಳು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಬರಿಮರ ಕಾಣುವವರೆಗೆ ಉಜ್ಜಿ, ಒರೆಸಿ, ಮತ್ತೆ ಅಂಟಿಸಿದೆ. ಒಂದು ವಾರ ಒಣಗಲು ಬಿಟ್ಟು ಪುನಃ ಇಳಿಸಿದೆವು. ಗಂಗೊಳ್ಳಿಯ ಕಡೆಗೆ ಅವನು ಹುಟ್ಟು ಹಾಕುತ್ತಾ ಹೋದಾಗ ಅಜ್ಜಯ್ಯ ದಡದಲ್ಲಿ ಕೂತು ದೋಣಿಯ ತಳವನ್ನೇ ನೋಡುತ್ತಿದ್ದರು.