ಗಡೀಪಾರಾದವರು ಲೋಕಸಭೆಗೆ ಹೋದ ಕಥೆ

ಕಾರವಾರದಿಂದ ಕಡಲ ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು ಮೂವತ್ತು ಕಿಲೋಮೀಟರು ಬಂದರೆ ಅಂಕೋಲೆ ಸಿಗುತ್ತದೆ. ಹೆಸರು ಕೇಳಿದೊಡನೆ ನಿಮಗೆ ೧೯೩೦ರ ಉಪ್ಪಿನ ಸತ್ಯಾಗ್ರಹ ನೆನಪಾದೀತು. ಅದರ ಬೆನ್ನಿಗೇ ಬಂದ ಕರನಿರಾಕರಣೆಯೂ ನೆನಪಾದೀತು. ಆ ಕಥೆಯನ್ನು ನೀವು ಹಲವು ಸಲ ಕೇಳಿದ್ದೀರಿ. ಅದೇ ತಾಲೂಕಿನ ಇನ್ನೊಂದು ಕಥೆಯನ್ನು ಈಗ ನಿಮ್ಮ ಮುಂದಿಡುತ್ತೇನೆ. ಜಿಲ್ಲೆಯೊಳಗೆ ಕಾಲಿಡಕೂಡದೆಂದು ಸರಕಾರ ಹೊರಗಟ್ಟಿದ ಒಬ್ಬರನ್ನು, ಇಪ್ಪತ್ತೇಳು ವರ್ಷಗಳ ಮೇಲೆ ಆ ಜಿಲ್ಲೆಯ ಜನರೇ ಆರಿಸಿ ದಿಲ್ಲಿಗೆ ಕಳುಹಿಸಿದ ಕಥೆ ಅದು.

ಅವರೇ ದಿನಕರ ದೇಸಾಯಿ. ‘ಚುಟುಕು ಬ್ರಹ್ಮ’ ಎಂದರೆ ನಿಮ್ಮ ಮನೆಯ ಮಕ್ಕಳಿಗೂ ಗುರುತು ಸಿಕ್ಕೀತು. ನಾಲ್ಕೇ ಸಾಲಿನಲ್ಲಿ ನಗಿಸಿ, ನಗು ಮುಗಿಯುವ ಮೊದಲೇ ಚುಚ್ಚುವ ಆ ಪದ್ಯಗಳ ಹಿಂದೆ ಒಬ್ಬ ರಾಜಕಾರಣಿ ಇದ್ದರೆಂಬುದು ಮಾತ್ರ ಮರೆಯುತ್ತಿದೆ.

೧೯೦೯ರಲ್ಲಿ ಹುಟ್ಟಿದ ದೇಸಾಯಿಯವರ ಊರು ಅಂಕೋಲೆಯ ಅಲಗೇರಿ. ಎಂ.ಎ. ಮಾಡಿ, ಕಾನೂನನ್ನೂ ಓದಿದವರು ವಕೀಲಿಯಲ್ಲಿ ನಾಲ್ಕು ಕಾಸು ಮಾಡಿಕೊಳ್ಳಬಹುದಿತ್ತು. ಅದನ್ನು ಬಿಟ್ಟು, ಗೋಖಲೆಯವರು ೧೯೦೫ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜವನ್ನು ಸೇರಿದರು. ತನಗಾಗಿ ಗಳಿಸುವುದಿಲ್ಲವೆಂದು ವ್ರತ ತೊಟ್ಟವರಿಗಷ್ಟೇ ಅಲ್ಲಿ ಜಾಗ. ಮುಂಬಯಿಯಲ್ಲಿ ಹಡಗಿನ ಕೂಲಿಗಾರರ ಸಂಘಟನೆಗೆ ದುಡಿದರು. ಆದರೆ ಮನಸ್ಸು ಊರಿನ ಗದ್ದೆಗಳಲ್ಲಿತ್ತು.

ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆ. ಉಳುವವನೊಬ್ಬ, ಹೊಲದೊಡೆಯ ಇನ್ನೊಬ್ಬ. ಗೇಣಿ ಅಳೆದು ಉಳಿದದ್ದು ಮಳೆಗಾಲದವರೆಗೆ ಸಾಲದು. ಎದುರು ಮಾತಾಡಿದರೆ ಗದ್ದೆ ಬಿಡಿಸುವ ಭಯ ಬೇರೆ. ದೇಸಾಯಿಯವರು ಈ ಒಕ್ಕಲುಗಳನ್ನು ರೈತ ಸಂಘದಲ್ಲಿ ಒಂದುಗೂಡಿಸಿದರು. ಸರಕಾರ ಕಂಡದ್ದು ಹಸಿವನ್ನಲ್ಲ, ಗಲಭೆಯನ್ನು. ೧೯೪೦ರಲ್ಲಿ ಗಡೀಪಾರಿನ ಆಜ್ಞೆ ಹೊರಟಿತು. ಐದು ವರ್ಷ ಅವರು ಸ್ವಂತ ಜಿಲ್ಲೆಗೆ ಪರಕೀಯರಾದರು.

ಈ ಒಂದು ಸಂಗತಿಯನ್ನು ಗಮನಿಸಿರಿ. ಅಂದು ಮತದ ಹಕ್ಕಿದ್ದುದು ಆಸ್ತಿ, ಕಂದಾಯ, ಓದುಬರಹಗಳ ಅಳತೆಗೆ ಸಿಕ್ಕವರಿಗೆ ಮಾತ್ರ. ಬಡ ಒಕ್ಕಲಿಗೆ ನಾಯಕನಿದ್ದ, ಆದರೆ ಅವನಿಗಾಗಿ ಒತ್ತಲು ಮತವಿರಲಿಲ್ಲ. ಸಂವಿಧಾನ ಬಂದ ಮೇಲೆ ಮತವೇನೋ ಕೈಗೆ ಬಂತು, ಅಕ್ಷರ ಬಂದಿರಲಿಲ್ಲ. ದೇಸಾಯಿಯವರು ಕೈಹಾಕಿದ್ದು ಈ ಕೊರತೆಗೇ. ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಜಿಲ್ಲೆಯಲ್ಲಿ ಒಂದಾದ ಮೇಲೊಂದು ಶಾಲೆ ತೆರೆದರು. ೧೯೫೫ರಲ್ಲಿ ‘ಜನಸೇವಕ’ ವಾರಪತ್ರಿಕೆ ಆರಂಭಿಸಿದರು. ಗೋಖಲೆಯವರ ಜನ್ಮಶತಮಾನೋತ್ಸವದ ೧೯೬೬ರಲ್ಲಿ, ಅವರ ಹೆಸರಿನಲ್ಲೇ ಅಂಕೋಲೆಗೆ ಕಾಲೇಜು ಬಂತು. ಡಿಗ್ರಿ ಓದಲು ಊರು ಬಿಡಲಾರದ ಹುಡುಗ ಹುಡುಗಿಯರಿಗೆ ಅದೆಷ್ಟು ದೊಡ್ಡ ಮಾತೆಂಬುದನ್ನು ನೀವೇ ಊಹಿಸಿರಿ.

ಮರುವರ್ಷವೇ ಲೋಕಸಭೆಯ ಚುನಾವಣೆ. ಕಾಂಗ್ರೆಸ್ಸಿನ ಪ್ರಭಾವ ಬಲವಾಗಿದ್ದ ಕೆನರಾ ಕ್ಷೇತ್ರದಲ್ಲಿ, ಯಾವ ಪಕ್ಷದ ಆಸರೆಯೂ ಇಲ್ಲದೆ ಪಕ್ಷೇತರರಾಗಿ ನಿಂತು ಗೆದ್ದರು. ಗಡೀಪಾರಿನ ಕಾಗದಕ್ಕೆ ಜನ ಕೊಟ್ಟ ಉತ್ತರವೆಂದರೆ ಇದೇ.

ಆದರೆ ಪದವಿ ದೀರ್ಘವಾಗಿರಲಿಲ್ಲ. ೧೯೭೦ರ ಡಿಸೆಂಬರಿನಲ್ಲಿ, ಅವಧಿ ತುಂಬುವ ಮೊದಲೇ ಲೋಕಸಭೆ ವಿಸರ್ಜನೆಯಾಯಿತು. ಪಾರ್ಲಿಮೆಂಟಿನ ಲೆಕ್ಕದಲ್ಲಿ ದೇಸಾಯಿಯವರ ಬದುಕು ನಾಲ್ಕು ವರ್ಷಕ್ಕೂ ಕಡಿಮೆ. ಹಾಗೆಂದು ಅವರ ರಾಜಕಾರಣವನ್ನು ಅಷ್ಟಕ್ಕೇ ಅಳೆಯೋಣವೇ?

೧೯೭೪ರ ಮಾರ್ಚ್ ಒಂದರಂದು ಕರ್ನಾಟಕದಲ್ಲಿ ಹೊಸ ಭೂಸುಧಾರಣೆ ಜಾರಿಗೆ ಬಂದು, ಗೇಣಿ ಪದ್ಧತಿಗೆ ಕೊನೆ ಹೇಳಿತು. ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಹಿಡಿದು ಗೇಣಿದಾರರು ನಿಂತರು. ಅದು ಒಬ್ಬರ ಸಾಧನೆಯಲ್ಲ, ಹಲವರ ಹೋರಾಟದ ಫಲ. ಆದರೆ ಆ ಅರ್ಜಿಯನ್ನು ಓದಿ ಹೇಳಲು ಅಂಕೋಲೆಯ ಒಕ್ಕಲ ಮನೆಯಲ್ಲಿ ಶಾಲೆ ಕಲಿತ ಮಗನೋ ಮಗಳೋ ಇದ್ದರೆ, ಅದರಲ್ಲಿ ದೇಸಾಯಿಯವರ ಪಾಲಿತ್ತು.

೧೯೮೨ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಸತ್ತ ಮೇಲೂ ಈ ನೆಲಕ್ಕೆ ಒದಗಬೇಕೆಂಬ ಆಸೆಯನ್ನು ಒಂದು ಕವಿತೆಯಲ್ಲಿ ಬರೆದಿಟ್ಟಿದ್ದರು. ಮುಂದೆ ಅಂಕೋಲೆಯ ದಾರಿಯಲ್ಲಿ ಹೋಗುವಾಗ, ಸಂಜೆ ಕಾಲೇಜು ಬಿಟ್ಟು ಗದ್ದೆಯ ಬದುವಿನ ಮೇಲೆ ಮನೆಗೆ ಮರಳುವ ಮಕ್ಕಳು ಕಣ್ಣಿಗೆ ಬಿದ್ದರೆ, ಒಂದು ಗಳಿಗೆ ನಿಂತು ನೋಡಿರಿ. ಆ ಆಸೆ ಎಷ್ಟರಮಟ್ಟಿಗೆ ಈಡೇರಿತೆಂಬುದು ನಿಮಗೇ ತಿಳಿದೀತು.