ಬಿಳಿಯನ್ನದ ಹಂಬಲ

ಎಡೋ ಎಂಬುದು ಟೋಕಿಯೋ ನಗರದ ಹಳೆಯ ಹೆಸರು. ಶೋಗುನರ ಆಳಿಕೆಯಲ್ಲಿ ಹಳ್ಳಿಗಳಿಂದ ಅಲ್ಲಿಗೆ ಬಂದು ನೆಲಸಿದವರಲ್ಲಿ ಹಲವರಿಗೆ ಕಾಲು ಬಾತು, ಜೋಮು ಹಿಡಿದು, ಎದೆ ಬಡಿದುಕೊಳ್ಳುತ್ತಿದ್ದಿತು. ಕೆಲವರು ಅಸುನೀಗುತ್ತಲೂ ಇದ್ದರು. ಸ್ವಗ್ರಾಮಕ್ಕೆ ಹಿಂದಿರುಗಿದವರು ಔಷಧವಿಲ್ಲದೆಯೇ ಗುಣಹೊಂದುತ್ತಿದ್ದುದರಿಂದ ಜನರು ಇದನ್ನು ‘ಎಡೋ ಬೇನೆ’ ಎಂದರು. ದೋಷವು ಊರಿನದಲ್ಲ, ಊಟದ್ದು. ಹಳ್ಳಿಯಲ್ಲಿ ಬಾರ್ಲಿ, ನವಣೆಗಳನ್ನು ಬೆರೆಸಿ ಉಣ್ಣುತ್ತಿದ್ದವರು ನಗರದಲ್ಲಿ ತವುಡೆಲ್ಲ ಹೋಗುವಂತೆ ತಳಿಸಿದ ಬಿಳಿಯಕ್ಕಿಗೆ ಮರುಳಾಗಿದ್ದರು. ನಾಲಗೆಯು ಒಮ್ಮೆ ಅದಕ್ಕೆ ಒಗ್ಗಿದ ಮೇಲೆ ಹಳೆಯ ಅನ್ನವು ಬಡತನದ ಗುರುತಾಗಿ ತೋರಿತು. ನಮ್ಮ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಬತ್ತದ ಹಮ್ಮನ್ನು ಮುರಿದು ರಾಗಿಗೆ ಮೇಲ್ಮೆಯನ್ನು ಕೊಡಿಸಿದರೂ ನಮ್ಮ ಔತಣಗಳಲ್ಲಿ ಬಿಳಿಯನ್ನದ ಪಟ್ಟವು ಕದಲಲಿಲ್ಲವಷ್ಟೆ, ಜಪಾನೀಯರನ್ನು ನೋಡಿ ನಗಲು ನಮಗೆ ಅಧಿಕಾರವಿಲ್ಲ.

ಮೇಜಿ ಸರಕಾರವು ಸೈನಿಕನಿಗೆ ದಿನವೊಂದಕ್ಕೆ ಆರು ‘ಗೋ’, ಎಂದರೆ ಸುಮಾರು ೯೦೦ ಗ್ರಾಂ, ಬಿಳಿಯಕ್ಕಿಯನ್ನು ಗೊತ್ತುಮಾಡಿತು. ಬಡರೈತನ ಮಗನಿಗೆ ಇದು ಸಂಬಳದಷ್ಟೇ ದೊಡ್ಡ ಆಮಿಷವಾಗಿದ್ದಿರಬೇಕು. ಬೇನೆಯೂ ಅದರ ಬೆನ್ನಿಗೇ ಬಂದಿತು.

ಲಂಡನ್ನಿನಲ್ಲಿ ವ್ಯಾಸಂಗಮಾಡಿ ೧೮೮೦ರಲ್ಲಿ ಮರಳಿದ ನೌಕಾವೈದ್ಯ ತಕಾಕಿ ಕನೆಹಿರೋ ಅವರು, ನಾವಿಕರ ಆಹಾರದಲ್ಲಿಯೇ ಕೊರತೆಯಿದೆಯೆಂದು ಶಂಕಿಸಿದರು. ೧೮೮೨-೮೩ರಲ್ಲಿ ‘ರ್‍ಯೂಜೋ’ ಎಂಬ ಹಡಗು ದೂರಯಾನಮಾಡಿದಾಗ ೩೭೬ ಜನರಲ್ಲಿ ೧೬೯ ಮಂದಿ ಬೇನೆಬಿದ್ದು, ೨೫ ಮಂದಿ ಮಡಿದಿದ್ದರು. ೧೮೮೪ರಲ್ಲಿ ತಕಾಕಿಯವರು ‘ತ್ಸುಕುಬಾ’ ಹಡಗನ್ನು ಹೆಚ್ಚುಕಡಮೆ ಅದೇ ಮಾರ್ಗದಲ್ಲಿ, ಮಾಂಸ, ಹಾಲು, ಬ್ರೆಡ್ಡುಗಳ ಊಟವನ್ನು ಗೊತ್ತುಪಡಿಸಿ ಕಳುಹಿಸಿದರು. ಒಬ್ಬನೂ ಸಾಯಲಿಲ್ಲ. ಬೇನೆಬಿದ್ದ ಕೆಲವರೋ, ಹೊಸ ಊಟವನ್ನು ಒಲ್ಲೆನೆಂದವರೇ ಬಹುಮಟ್ಟಿಗೆ!

ಇಲ್ಲಿಯೇ ನಾಲಗೆಯ ಹಟವು ಕಾಣುವುದು. ಸಾವನ್ನು ಕಣ್ಣಾರೆ ಕಂಡವರಿಗೂ ಬ್ರೆಡ್ಡು ಗಂಟಲಿನಿಂದಿಳಿಯಲೊಲ್ಲದು. ತಕಾಕಿಯವರು ಜಾಣತನದಿಂದ ಒಂದು ಹೆಜ್ಜೆ ಹಿಂದೆಗೆದು, ೧೮೮೫ರಲ್ಲಿ ಅಕ್ಕಿಗೆ ಬಾರ್ಲಿಯನ್ನು ಬೆರೆಸಿದ ಅನ್ನವನ್ನು ಹಡಗುಗಳಿಗೆ ತಂದರು. ನೌಕಾದಳದಲ್ಲಿ ಬೇನೆಯು ಹೆಸರಿಗಷ್ಟೇ ಉಳಿಯಿತು.

ಅವರು ಹೇಳಿದ ಕಾರಣವು ಮಾತ್ರ ತಪ್ಪಾಗಿದ್ದಿತು. ಮಾಂಸಸತ್ವದ ಅಭಾವವೆಂದು ಅವರು ತಿಳಿದಿದ್ದರು. ಅಭಾವವಾಗಿದ್ದುದು ತವುಡಿನಲ್ಲಿ ಹೋಗುತ್ತಿದ್ದ, ಇಂದು ಬಿ೧ ಎನ್ನುವ ಜೀವಸತ್ವ. ಭೂಸೈನ್ಯದ ಪ್ರಮುಖ ವೈದ್ಯರು, ಕಾದಂಬರಿಕಾರರೆಂದು ಖ್ಯಾತರಾದ ಮೋರಿ ಓಗಾಯ್ ಅವರೂ ಸೇರಿ, ಈ ಸಿದ್ಧಾಂತದ ದೌರ್ಬಲ್ಯವನ್ನೇ ಹಿಡಿದು ಬಿಳಿಯನ್ನವನ್ನು ಸಮರ್ಥಿಸಿದರು. ತರ್ಕದಲ್ಲಿ ಅವರು ಗೆದ್ದಿರಬಹುದು. ೧೯೦೪-೦೫ರ ರಷ್ಯಾ ಯುದ್ಧದಲ್ಲಿ ಈ ಬೇನೆಯೊಂದರಿಂದಲೇ ಸುಮಾರು ೨೭,೦೦೦ ಸೈನಿಕರು ಸತ್ತರು. ಬಾರ್ಲಿಯು ಅವರ ಪಾತ್ರೆಗೆ ಬಂದುದು ೧೯೦೫ರಲ್ಲಿ. ತಕಾಕಿಯವರಿಗೆ ಬ್ಯಾರನ್ ಪದವಿ ದೊರೆತುದೂ ಅದೇ ವರ್ಷ. ಜನರು ಅವರನ್ನು ಅಕ್ಕರೆಯಿಂದ ‘ಬಾರ್ಲಿ ಬ್ಯಾರನ್’ ಎಂದು ಕರೆದರು.