ನೆಗಡಿ, ದಡಾರ ಮತ್ತು ಮಕ್ಕಳ ಮೂತ್ರಪಿಂಡ

ಕೆಲವು ವರ್ಷಗಳ ಹಿಂದೆ ನನ್ನ ಐದನೇ ತರಗತಿಯ ಹುಡುಗನೊಬ್ಬ ಕಣ್ಣು ಊದಿಸಿಕೊಂಡು ಶಾಲೆಗೆ ಬಂದಿದ್ದ. "ರಾತ್ರಿಯೆಲ್ಲ ಟಿ.ವಿ. ನೋಡಿದೆಯಾ?" ಎಂದು ಗದರಿಸಿದೆ. ಮರುದಿನ ಅವನ ತಾಯಿ ಬಂದರು. "ಸಾರ್, ಇವನಿಗೆ ಕಿಡ್ನಿ ಕಾಯಿಲೆ ಇದೆ. ಹೋದ ವಾರ ನೆಗಡಿ ಆಯ್ತು, ಈಗ ಮತ್ತೆ ಊದಿಕೊಂಡಿದ್ದಾನೆ" ಎಂದರು. ನನಗೆ ನಾಚಿಕೆಯಾಯಿತು. ನೆಗಡಿ ಮೂಗಿನದು, ಕಾಯಿಲೆ ಮೂತ್ರಪಿಂಡದ್ದು. ಇವೆರಡಕ್ಕೆ ಏನು ನಂಟು ಎಂದು ಅಂದಿನಿಂದ ಓದತೊಡಗಿದೆ.

ಈ ಕಾಯಿಲೆಯ ಹೆಸರು ನೆಫ್ರೋಟಿಕ್ ಸಿಂಡ್ರೋಮ್. ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಆಗ ನೀರು ಮೈಯಲ್ಲಿ ತುಂಬಿಕೊಂಡು ಮುಖ, ಹೊಟ್ಟೆ, ಕಾಲು ಊದಿಕೊಳ್ಳುತ್ತವೆ. 1722ರಲ್ಲಿಯೇ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಥಿಯೋಡೋರ್ ಜ್ವಿಂಗರ್ ಮಕ್ಕಳ ಇಂಥ ಊತಕ್ಕೆ ಮೂತ್ರಪಿಂಡವೇ ಕಾರಣವೆಂದು ಬರೆದಿದ್ದರು. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ತಮ್ಮ ಪ್ರಸಿದ್ಧ ವರದಿ ಪ್ರಕಟಿಸಿದರು. ಅವರ ಪರೀಕ್ಷೆ ಬಲು ಸರಳ: ಚಮಚದಲ್ಲಿ ಮೂತ್ರ ಹಾಕಿ ಮೇಣದಬತ್ತಿಯ ಉರಿಗೆ ಹಿಡಿಯುವುದು. ಪ್ರೋಟೀನ್ ಇದ್ದರೆ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆ.

ಕಾಯಿಲೆಗೆ ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ಇಪ್ಪತ್ತನೇ ಶತಮಾನದ ಮೂವತ್ತರ ದಶಕದವರೆಗೂ ಇಂಥ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಸಾಯುತ್ತಿದ್ದರೆಂದು ಹಳೆಯ ದಾಖಲೆಗಳು ಹೇಳುತ್ತವೆ. ಬಹಳ ಮಕ್ಕಳನ್ನು ಕೊಂದದ್ದು ಮೂತ್ರಪಿಂಡದ ಸೋಲಲ್ಲ, ಸೋಂಕು. ರೋಗನಿರೋಧಕ ಪ್ರೋಟೀನ್‌ಗಳೂ ಮೂತ್ರದಲ್ಲಿ ಹೊರಟುಹೋಗುವುದರಿಂದ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯ ಹೊಟ್ಟೆಯ ಒಳಪೊರೆಗೆ ಇಳಿಯುತ್ತಿತ್ತು. ಸಲ್ಫಾ ಮಾತ್ರೆ, ಪೆನಿಸಿಲಿನ್ ಬಂದ ಮೇಲೆ ಸಾವು ಕಡಿಮೆಯಾಯಿತು. 1950ರ ದಶಕದಲ್ಲಿ ಸ್ಟೀರಾಯ್ಡ್ ಬಂದ ಮೇಲೆ ಚಿತ್ರವೇ ಬದಲಾಯಿತು.

ಇದರ ನಡುವೆ ಒಂದು ವಿಚಿತ್ರ ನಡೆಯಿತು. ಊದಿಕೊಂಡು ಮಲಗಿದ್ದ ಕೆಲವು ಮಕ್ಕಳಿಗೆ ವಾರ್ಡಿನಲ್ಲಿ ದಡಾರ ತಗುಲಿದರೆ, ಊತ ಇಳಿದು ಮೂತ್ರ ಸರಿಯಾಗುತ್ತಿತ್ತು! 1948ರಲ್ಲಿ ಬಾಸ್ಟನ್ನಿನ ಮಕ್ಕಳ ವೈದ್ಯ ಚಾರ್ಲ್ಸ್ ಜೇನ್ವೇ ಮತ್ತು ಸಂಗಡಿಗರು ಇದನ್ನು ಬರೆದಿಟ್ಟರು. ಬೇರೆ ದಾರಿ ಕಾಣದೆ ಬೇಕೆಂದೇ ದಡಾರ ಅಂಟಿಸಿದ ವೈದ್ಯರೂ ಇದ್ದರು. ದಡಾರವೇ ಮಕ್ಕಳನ್ನು ಕೊಲ್ಲುತ್ತಿದ್ದ ಕಾಲ ಅದು. ಒಪ್ಪಿಗೆ ಕೊಟ್ಟ ತಂದೆತಾಯಿಯ ಎದೆ ಹೇಗಿದ್ದಿರಬೇಕು! ಸ್ಟೀರಾಯ್ಡ್ ಬಂದ ಮೇಲೆ ಆ ಪ್ರಯೋಗ ನಿಂತುಹೋಯಿತು. ಆದರೆ ಆ ಸುಳಿವು ವ್ಯರ್ಥವಾಗಲಿಲ್ಲ. ದಡಾರವು ದೇಹದ ರಕ್ಷಣಾ ವ್ಯವಸ್ಥೆಯನ್ನು ಸ್ವಲ್ಪ ಕಾಲ ಮಂಕಾಗಿಸುತ್ತದೆ. ಹಾಗಾದರೆ ಮೂತ್ರಪಿಂಡವನ್ನು ಕೆಡಿಸುತ್ತಿರುವುದು ಆ ವ್ಯವಸ್ಥೆಯ ಬಿಳಿ ರಕ್ತಕಣಗಳೇ ಇರಬೇಕು ಎಂದು 1974ರಲ್ಲಿ ರಾಬರ್ಟ್ ಶಾಲ್‌ಹೂಬ್ ವಾದಿಸಿದರು.

ನೆಗಡಿ ಮಾಡುವುದು ಇದರ ತಿರುವುಮುರುವು. ಅದು ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ, ಶಾಂತವಾಗಿದ್ದ ಕಾಯಿಲೆ ಮರುಕಳಿಸುತ್ತದೆ. 1986ರಲ್ಲಿ ಕೆನಡಾದ ವೈದ್ಯರು, ಮರುಕಳಿಕೆಗಳಲ್ಲಿ ಬಹುಪಾಲು ಶೀತ-ಕೆಮ್ಮಿನ ಹಿಂದೆಯೇ ಬರುತ್ತವೆಂದು ತೋರಿಸಿದರು. ಅದೇ ಸುಮಾರಿಗೆ ಬ್ರಿಟನ್ನಿನ ಲೀಸ್ಟರ್, ಬರ್ಮಿಂಗ್‌ಹ್ಯಾಮ್ ಊರುಗಳಲ್ಲಿ, ಅಲ್ಲಿನ ಬಿಳಿಯರ ಮಕ್ಕಳಿಗಿಂತ ಭಾರತ-ಪಾಕಿಸ್ತಾನ ಮೂಲದ ಮಕ್ಕಳಲ್ಲಿ ಈ ಕಾಯಿಲೆ ಹೆಚ್ಚೆಂದು ಕಂಡುಬಂತು.

ಹಾಗಾದರೆ ನೆಗಡಿ ಬಂದೊಡನೆ ಸ್ಟೀರಾಯ್ಡ್ ಕೊಟ್ಟರೆ? 2008ರಲ್ಲಿ ಶ್ರೀಲಂಕಾದಲ್ಲಿ, 2011ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ನಡೆದ ಅಧ್ಯಯನಗಳು, ದಿನ ಬಿಟ್ಟು ದಿನ ಕೊಡುತ್ತಿದ್ದ ಮಾತ್ರೆಯನ್ನು ಸೋಂಕಿನ ಕೆಲವು ದಿನ ಪ್ರತಿದಿನ ಕೊಟ್ಟರೆ ಪ್ರಯೋಜನವಿದೆ ಎಂದವು. 2021ರ ಕೊನೆಯಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ಬೇರೆಯದನ್ನೇ ಹೇಳಿತು. ಆರು ದಿನ ಪ್ರೆಡ್ನಿಸೊಲೋನ್ ಪಡೆದವರಲ್ಲಿ ಶೇ. 42.7, ಬರೀ ಹುಸಿ ಮಾತ್ರೆ ಪಡೆದವರಲ್ಲಿ ಶೇ. 44.3 ಮಕ್ಕಳಿಗೆ ಕಾಯಿಲೆ ಮರುಕಳಿಸಿತ್ತು. ಅಂದರೆ ವ್ಯತ್ಯಾಸವೇ ಇಲ್ಲ. ಸ್ಟೀರಾಯ್ಡ್ ಎತ್ತರದ ಬೆಳವಣಿಗೆಯನ್ನು ಕುಂಠಿಸುತ್ತದೆ, ಮೂಳೆಯನ್ನು ಸವೆಸುತ್ತದೆ, ಮುಖವನ್ನು ದುಂಡಾಗಿಸುತ್ತದೆ. ಹೀಗಾಗಿ ಈ ಪ್ರಶ್ನೆ ಸಣ್ಣದಲ್ಲ. ಯಾವ ಮಗುವಿಗೆ ಯಾವಾಗ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ನ್ಯೂಮೋಕಾಕಸ್ ಮತ್ತು ಫ್ಲೂ ಲಸಿಕೆಯನ್ನು ಮಾತ್ರ ಎಲ್ಲರೂ ಹಾಕಿಸಲು ಹೇಳುತ್ತಾರೆ.

ನನ್ನ ಹುಡುಗನ ತಾಯಿ ದಿನಾ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ಅವನ ಮೂತ್ರ ಕಾಯಿಸಿ ನೋಡಿ, ನೂರು ಪುಟದ ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಬರೆದಿಡುತ್ತಿದ್ದರು. ಒಂದು ಸಾಲು ಮೂತ್ರದ್ದು, ಪಕ್ಕದಲ್ಲೇ ನೆಗಡಿಯದು. ಬ್ರೈಟ್ ಚಮಚದ ಕಥೆ ಹೇಳಿದಾಗ ಆಕೆ ನಕ್ಕು, "ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಇದೆ ಸಾರ್" ಎಂದರು.